ಗಾಜಿನಾಚೆಗೆ ತೋರಿಸಿದ ಸೊನ್ನೆ

ಯಾರಾದರೂ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಗುಂಡಗೆ ಮಾಡಿ ತೋರಿಸಿದರೆ ಈಗಲೂ ನಾನು ಮುಖ ತಿರುಗಿಸುತ್ತೇನೆ. ಊಟ ಚೆನ್ನಾಗಿದೆ ಎಂದು ಹೇಳಲು ಜನ ಹಾಗೆ ತೋರಿಸುತ್ತಾರೆ. ಅವರ ತಪ್ಪಿಲ್ಲ. ಪೀಣ್ಯದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಆ ಸಂಜ್ಞೆಗೆ ಬೇರೆ ಅರ್ಥವಿತ್ತು. ಅದನ್ನು ನಾನು ಒಂದೇ ಒಂದು ಸಲ ಮಾಡಿದ್ದೇನೆ.

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಕಂಪ್ಯೂಟರ್ ರಿಪೇರಿಗೆ ಸೇರಿದ್ದೆ. ಟಿ. ದಾಸರಹಳ್ಳಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಅಂಗಡಿ. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳವು. ಸುತ್ತಲಿನ ಸಣ್ಣ ಕಾರ್ಖಾನೆಗಳ ಕಂಪ್ಯೂಟರುಗಳನ್ನು ವರ್ಷದ ಕರಾರಿನ ಮೇಲೆ ನೋಡಿಕೊಳ್ಳುವುದು ನಮ್ಮ ಕೆಲಸ. ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್, ಒಂದು ಬಣ್ಣದ ಬ್ರಷ್, ಕೆಲವು ಸಿ.ಡಿ., ಮತ್ತು ಶಾಲೆಯ ಮಕ್ಕಳು ಬಳಸುವ ಪೆನ್ಸಿಲ್ ರಬ್ಬರ್ ಇರುತ್ತಿದ್ದವು. ಮೆಮೊರಿ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಅರ್ಧಕ್ಕರ್ಧ ಕಂಪ್ಯೂಟರುಗಳು ಸರಿಹೋಗುತ್ತಿದ್ದವು. ಯಾಕೆ ಸರಿಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ.

ಆ ಕಾರ್ಖಾನೆಯಲ್ಲಿ ರಬ್ಬರ್ ಕೊಳವೆಗಳನ್ನು ಮಾಡುತ್ತಿದ್ದರು. ಹಸಿ ರಬ್ಬರಿನ ಕೊಳವೆಗಳನ್ನು ಟ್ರಾಲಿಯ ಮೇಲೆ ಜೋಡಿಸಿ, ಒಂದು ಸಣ್ಣ ಲಾರಿಯಷ್ಟು ಉದ್ದದ ಕಬ್ಬಿಣದ ಹಂಡೆಯೊಳಗೆ ತಳ್ಳಿ, ಬಾಗಿಲು ಮುಚ್ಚಿ, ಬಾಯ್ಲರಿನ ಹಬೆ ಬಿಟ್ಟು ಬೇಯಿಸುವುದು. ಬಾಗಿಲಿನ ಸುತ್ತ ದಪ್ಪನೆಯ ಬಳೆಯಂಥ ಒಂದು ಬೀಗ. ಪಕ್ಕದ ಚಕ್ರ ತಿರುಗಿಸಿದರೆ ಆ ಬಳೆ ತಿರುಗಿ ಬಾಗಿಲು ಬಿಡುತ್ತದೆ. ಒಳಗಿನ ಹಬೆಯನ್ನು ಪೂರ್ತಿ ಹೊರಗೆ ಬಿಟ್ಟು, ಒತ್ತಡ ಸೊನ್ನೆಗೆ ಬಂದ ಮೇಲೆಯೇ ಚಕ್ರಕ್ಕೆ ಕೈ ಹಾಕಬೇಕು. ಒಳಗೆ ಹಬೆ ಇರುವಾಗ ಬಳೆ ಪೂರ್ತಿ ತಿರುಗಿದರೆ ಬಾಗಿಲು ತೆರೆದುಕೊಳ್ಳುವುದಿಲ್ಲ, ಹಾರುತ್ತದೆ.

ಒತ್ತಡ ನೋಡಲು ಹಂಡೆಯ ಮೇಲೆ ಮುಳ್ಳಿನ ಮೀಟರ್ ಒಂದಿತ್ತು. ಅದರ ಗಾಜು ರಬ್ಬರಿಗೆ ಬೆರೆಸುವ ಕಪ್ಪು ಪುಡಿ ಕೂತು ಕುರುಡಾಗಿತ್ತು. ಪಕ್ಕದಲ್ಲಿ ಒಂದು ಪುಟ್ಟ ನಲ್ಲಿ. ಅದನ್ನು ತಿರುಗಿಸಿ, ಹಬೆ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು ಬಾಗಿಲು ತೆರೆಯುವುದು ಹಳೆಯ ಪದ್ಧತಿ. ಅದೂ ಕಟ್ಟಿಕೊಂಡು ವರ್ಷವಾಗಿತ್ತು. ಯಾರಿಗೂ ಅದರ ಚಿಂತೆ ಇರಲಿಲ್ಲ, ಏಕೆಂದರೆ ಕಂಪ್ಯೂಟರ್ ಬಂದಿತ್ತು. ಕೊಳವೆ ಕೊಳ್ಳುವ ದೊಡ್ಡ ಕಂಪನಿಯವರು ಪ್ರತಿ ಬ್ಯಾಚಿಗೂ ಒತ್ತಡದ ಗ್ರಾಫ್ ಮುದ್ರಿಸಿ ಕೊಡಬೇಕೆಂದು ಕೇಳಿದ್ದರು. ಅದಕ್ಕಾಗಿ ಯಜಮಾನರು ಯಾರೋ ಒಬ್ಬ ಹುಡುಗನಿಂದ ಪ್ರೋಗ್ರಾಮ್ ಬರೆಸಿ, ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನಲ್ಲಿ ಹಾಕಿಸಿದ್ದರು. ಪರದೆಯ ತುಂಬ ಆ ಪ್ರೋಗ್ರಾಮೇ. ಕೆಳಗೆ ಗ್ರಾಫಿನ ಗೆರೆ, ಮೇಲಿನ ಮೂಲೆಯಲ್ಲಿ ಸಣ್ಣ ಗಡಿಯಾರ, ನಡುವೆ ಅಂಗೈ ಅಗಲದ ಅಂಕಿಗಳು. ಒತ್ತಡ ಇದ್ದರೆ ಕೆಂಪು, ಸೊನ್ನೆಗೆ ಬಂದರೆ ಹಸಿರು.

ಕಂಪ್ಯೂಟರ್ ಇದ್ದದ್ದು ಸೂಪರ್‌ವೈಸರ್ ಕೂರುವ ಗಾಜಿನ ಕ್ಯಾಬಿನ್ನಿನಲ್ಲಿ. ಹೊರಗೆ ಕಂಪ್ರೆಸರ್ ಮತ್ತು ರಬ್ಬರ್ ಅರೆಯುವ ಯಂತ್ರಗಳ ಸದ್ದಿಗೆ ಕಿವಿಯ ಹತ್ತಿರ ಕೂಗಿದರೂ ಕೇಳಿಸದು. ಆದ್ದರಿಂದ ಒಂದು ರೂಢಿ ಬೆಳೆದಿತ್ತು. ಹಂಡೆಯ ಆಪರೇಟರ್ ಹಬೆ ಬಿಡುವ ವಾಲ್ವ್ ತೆರೆದು, ಖಾಲಿ ಟ್ರಾಲಿ ತಂದು, ಗಾಜಿನ ಕಡೆ ತಿರುಗಿ ಬೆರಳು ಗುಂಡಗೆ ಮಾಡಿ ಹುಬ್ಬೇರಿಸುತ್ತಿದ್ದ. ಸೊನ್ನೆಯೇ? ಒಳಗಿದ್ದವರು ಪರದೆ ನೋಡಿ ತಾವೂ ಬೆರಳು ಗುಂಡಗೆ ಮಾಡುತ್ತಿದ್ದರು. ಸೊನ್ನೆ. ಆಮೇಲೆ ಚಕ್ರ ತಿರುಗುತ್ತಿತ್ತು. ದಿನಕ್ಕೆ ಆರು ಸಲ.

ಆ ಆಪರೇಟರ್ ರಾಯಚೂರು ಕಡೆಯವನು. ನಲವತ್ತರ ಆಸುಪಾಸು. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಮ್ಮ ಅಂಗಡಿಯಿಂದ ನಾಲ್ಕು ರಸ್ತೆ ಆಚೆ, ಒಂದೇ ಕೋಣೆಯ ಬಾಡಿಗೆ ಮನೆ. ನಾನು ಕಂಪ್ಯೂಟರ್ ಬಿಚ್ಚಿ ಕೂತಾಗಲೆಲ್ಲ ಒಳಗೆ ಬಂದು ನೋಡುತ್ತಿದ್ದ.

“ಸರ, ಇದಕ್ಕ ಏನ್ ಜಡ್ಡ್ರಿ? ನೀವು ಬಂದ್ ಹೋದ ಮ್ಯಾಲೆ ಎರಡ್ ದಿನ ಚಲೋ ಇರತೈತಿ, ಮತ್ತ ಮಲಕೋತೈತಿ.”

“ಧೂಳು ಕಣಣ್ಣ,” ಎಂದೆ ನಾನು.

“ಧೂಳ ನಮ್ಮ ಪುಪ್ಪಸದಾಗೂ ಐತ್ರಿ. ನಮಗೂ ಒಂದೀಟ್ ರಬ್ಬರ್ ಹಚ್ಚಿ ತಿಕ್ಕ್ರಿ ಹಂಗಾರ.”

ಸೂಪರ್‌ವೈಸರ್ ನಕ್ಕ. ಅವನು ಅಲ್ಲಿಯವನೇ. ಈಗ ಶೆಡ್ಡುಗಳಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದನಂತೆ. “ರಬ್ಬರ್ ಫ್ಯಾಕ್ಟರಿಗೇ ರಬ್ಬರ್ ತತ್ತಾನಲ್ಲ ಇವ್ನು! ಏನ್ ಗುರು, ನಮ್ತಾವ ಇಲ್ವಾ? ಟನ್‌ಗಟ್ಲೆ ಐತೆ, ತಗೊಂಡ್ ಉಜ್ಜು.”

ಪ್ರೋಗ್ರಾಮ್ ಸಾಯುತ್ತಿತ್ತು. ಕೆಲವು ದಿನ ಸಾಯುತ್ತಿರಲಿಲ್ಲ. ನಾನು ಮೆಮೊರಿ ಉಜ್ಜಿದೆ, ಬದಲಿಸಿದೆ. ವೈರಸ್ ಹುಡುಕಿದೆ. ಫ್ಯಾನಿನ ಸುತ್ತ ಹೆಪ್ಪುಗಟ್ಟಿದ್ದ ಕಪ್ಪು ಪುಡಿಯನ್ನು ಕೆರೆದು ತೆಗೆದೆ. ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಹಾಕಿದೆ. ಯಾವುದೂ ನಾಟಲಿಲ್ಲ. ಕಡೆಗೆ, ಪೀಣ್ಯದಲ್ಲಿ ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: ಕರೆಂಟಿನ ಸಮಸ್ಯೆ. ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತದೆ, ಹಳೆಯ ಯು.ಪಿ.ಎಸ್. ಕೀಚಲು ಕೂಗಿ ಕೈಕೊಡುತ್ತದೆ, ಕಂಪ್ಯೂಟರ್ ಧಡಕ್ಕನೆ ಆರಿ ಹೊತ್ತಿಕೊಳ್ಳುತ್ತದೆ, ಇನ್ನೇನಾಗಬೇಕು? ಯಜಮಾನರು ಗೊಣಗುತ್ತಲೇ ಹೊಸ ಯು.ಪಿ.ಎಸ್. ಕೊಂಡರು. ಅದು ಬಂದ ಮೇಲೆ ಪ್ರೋಗ್ರಾಮ್ ದಿನಾ ಸಾಯತೊಡಗಿತು.

ಫೋನಿನಲ್ಲಿ ಕೇಳಿದರೆ ಸೂಪರ್‌ವೈಸರನ ಉತ್ತರ ಯಾವಾಗಲೂ ಒಂದೇ. “ಅದೇನೋ ಡಬ್ಬ ಬಂತು. ಓಕೆ ಒತ್ದೆ. ಹೋಯ್ತು.”

“ಡಬ್ಬದಲ್ಲಿ ಏನು ಬರೆದಿತ್ತು?”

“ಇಂಗ್ಲೀಸಾಗಿತ್ತಪ್ಪ. ಬೇಜಾರಾಗಿತ್ತು ಅನ್ಸುತ್ತೆ ಅದ್ಕೂ.”

ಪರದೆಯ ಮೇಲೆ ತೆರೆದುಕೊಳ್ಳುವ ಆ ಡಬ್ಬದಲ್ಲಿರುವ ದೋಷದ ಸಂಖ್ಯೆ ಇಲ್ಲದೆ ನನಗೆ ದಿಕ್ಕೇ ಇರಲಿಲ್ಲ. ಓಕೆ ಒತ್ತಿದರೆ ಪ್ರೋಗ್ರಾಮ್ ಮುಚ್ಚಿಹೋಗುತ್ತದೆ, ಸುಳಿವೂ ಅದರೊಂದಿಗೆ ಹೋಗುತ್ತದೆ. ನನಗೆ ರೇಗಿತು. ಒಂದು ಬಿಳಿ ಹಾಳೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದು ಮಾನಿಟರಿನ ಅಂಚಿಗೆ ಟೇಪು ಹಚ್ಚಿ ಅಂಟಿಸಿದೆ: ‘ಎರರ್ ಬಂದರೆ ಓಕೆ ಒತ್ತಬೇಡಿ. ಡಬ್ಬವನ್ನು ಮೂಲೆಗೆ ಸರಿಸಿ ಹಾಗೇ ಬಿಡಿ. ಇಂಜಿನಿಯರಿಗೆ ಫೋನ್ ಮಾಡಿ.’

ಇಂಜಿನಿಯರ್ ಎಂದರೆ ನಾನು. ಮೂಲೆಗೆ ಸರಿಸಿ ಎಂದು ಯಾಕೆ ಬರೆದೆ? ಡಬ್ಬ ಪರದೆಯ ನಡುವೆಯೇ ಕೂತಿದ್ದರೆ ಅಂಕಿ ಕಾಣಿಸದೆ ಯಾರಾದರೂ ಬೇಸತ್ತು ಓಕೆ ಒತ್ತಿಯೇಬಿಡುತ್ತಾರೆ ಎಂದು. ಅದರಾಚೆಗೆ ನಾನು ಯೋಚಿಸಲಿಲ್ಲ. ಡಬ್ಬ ಬಂದ ಕ್ಷಣದಿಂದ ಹಿಂದಿರುವ ಅಂಕಿಗಳು ಹೆಣ. ಕದಲುವುದಿಲ್ಲ, ಆದರೆ ಬಣ್ಣ ಮಾತ್ರ ಹಾಗೇ ಇರುತ್ತದೆ. ಇದು ನನಗೆ ಗೊತ್ತಿತ್ತು. ಅವರಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಹಾಳೆ ಅಂಟಿಸಿದ ಮಾರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು.

“ಬಂತು ಕಣಪ್ಪಾ ನಿನ್ ಡಬ್ಬ! ಓಕೆ ಒತ್ತಿಲ್ಲ. ಮೂಲೇಗ್ ತಳ್ಳಿವ್ನಿ. ಬೇಗ್ ಬಾ.”

“ಯಾರೂ ಮುಟ್ಬೇಡಿ. ಜಾಲಹಳ್ಳಿ ಕ್ರಾಸಲ್ಲಿದ್ದೀನಿ, ಅರ್ಧ ಗಂಟೇಲಿ ಬಂದೆ.”

ನಾನು ತಲುಪಿದಾಗ ಸೂಪರ್‌ವೈಸರ್ ಗೇಟಿನ ಹತ್ತಿರ ಲಾರಿಯವನ ಜೊತೆ ವಾದಿಸುತ್ತಿದ್ದ. ಹೋಗು ಎಂದು ಕೈ ಬೀಸಿದ. ಕ್ಯಾಬಿನ್ ಖಾಲಿ. ಪರದೆಯ ಕೆಳ ಮೂಲೆಯಲ್ಲಿ ಡಬ್ಬ ಹಾಗೇ ಕೂತಿತ್ತು. ರನ್-ಟೈಮ್ ಎರರ್ ಆರು, ಓವರ್‌ಫ್ಲೋ. ಎಷ್ಟು ದಿನ ಕಾದಿದ್ದೆ ಅದಕ್ಕೆ! ಕುರ್ಚಿ ಎಳೆದು ಕೂತು, ನೋಟ್‌ಬುಕ್ ತೆಗೆದು ಬರೆದುಕೊಂಡೆ. ನಿಜ ಹೇಳಬೇಕೆಂದರೆ ಆಗ ನನಗೆ ಬಹಳ ಸಂತೋಷವಾಗಿತ್ತು.

ಗಾಜಿನ ಆಚೆ ಏನೋ ಅಲುಗಾಡಿದಂತಾಗಿ ತಲೆ ಎತ್ತಿದೆ. ಆಪರೇಟರ್. ಎಡಗೈ ಚಕ್ರದ ಮೇಲೆ, ಬಲಗೈ ಮೇಲೆತ್ತಿ ಬೆರಳು ಗುಂಡಗೆ ಮಾಡಿದ್ದ. ಹುಬ್ಬು ಏರಿಸಿದ್ದ. ನನ್ನನ್ನು ಕಂಡು ನಕ್ಕ ಕೂಡ.

ನಾನು ಪರದೆ ನೋಡಿದೆ. ಹಸಿರು ಸೊನ್ನೆ. ಪೆನ್ನು ಹಿಡಿದ ಕೈಯಲ್ಲೇ ಬೆರಳು ಗುಂಡಗೆ ಮಾಡಿ ತೋರಿಸಿದೆ.

ಅವನು ತಿರುಗಿ ಚಕ್ರಕ್ಕೆ ಎರಡೂ ಕೈ ಹಾಕಿದ. ನಾನು ಬಂದು ನೋಡಿದ ಹೊತ್ತನ್ನು ಬರೆದುಕೊಳ್ಳಲು ಪರದೆಯ ಗಡಿಯಾರ ನೋಡಿದೆ. ಮೂರು ನಲವತ್ತಾರು. ಅದನ್ನು ಬರೆದೂಬಿಟ್ಟೆ. ಆಮೇಲೆ, ಇದೇನು ಮೂರು ನಲವತ್ತಾರು ಎನ್ನಿಸಿ ಗೋಡೆಯ ಗಡಿಯಾರದ ಕಡೆ ನೋಡಿದೆ. ನಾಲ್ಕು ಇಪ್ಪತ್ತೈದು.

ಕುರ್ಚಿ ಹಿಂದಕ್ಕೆ ಬಿದ್ದದ್ದು ನೆನಪಿದೆ. ಕ್ಯಾಬಿನ್ನಿನ ಬಾಗಿಲು ಒಳಕ್ಕೆ ತೆರೆಯುವಂಥದ್ದು. ನಾನು ಹೊರಕ್ಕೆ ತಳ್ಳುತ್ತಿದ್ದೆ. ಎಷ್ಟು ಹೊತ್ತು ತಳ್ಳಿದೆನೋ. ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಅವನ ಬೆನ್ನು ಕಾಣುತ್ತಿತ್ತು, ನೀಲಿ ಅಂಗಿಯ ಮೇಲೆ ಬೆವರು ಉಪ್ಪಾಗಿ ಕಟ್ಟಿದ ಬಿಳಿ ಗೆರೆ ಕಾಣುತ್ತಿತ್ತು. ಚಕ್ರ ತಿರುಗುತ್ತಿತ್ತು. ಬಿಗಿಯಾಗಿತ್ತೇನೋ, ಅವನು ಒಮ್ಮೆ ನಿಂತು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದ. ಕಡೆಗೆ ಬಾಗಿಲೆಳೆದು ಹೊರಗೋಡಿ ನಾನು ಹತ್ತು ಹೆಜ್ಜೆ ದೂರದಲ್ಲಿದ್ದಾಗ ಹಂಡೆಯ ಬಾಗಿಲಿನ ಅಂಚಿನಿಂದ ಬಿಳಿಯ ಹಬೆ ಚೂರಿಯ ಹಾಗೆ ಪಕ್ಕಕ್ಕೆ ಹೊರಬಂತು. ಮೊದಲು ಬಂದದ್ದು ಸದ್ದೋ ಹಬೆಯೋ ಈಗಲೂ ತಿಳಿಯದು. ಅವನು ಕೈ ಎಳೆದುಕೊಂಡು ಹಿಂದಕ್ಕೆ ಬಿದ್ದ. ನಾನು ಅವನ ಕಾಲರ್ ಹಿಡಿದು ನೆಲದ ಮೇಲೆ ಎಳೆದೆ. ಬಾಯ್ಲರಿನವನು ಎಲ್ಲಿಂದಲೋ ಓಡಿ ಬಂದು ವಾಲ್ವುಗಳನ್ನು ತಿರುಗಿಸಿದ.

ಹಬೆ ಇಳಿಯಲು ಸಾಮಾನ್ಯವಾಗಿ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅವನು ಶೆಡ್ಡಿನ ಆ ತುದಿಯಿಂದ ಟ್ರಾಲಿ ತರುತ್ತಿದ್ದ. ಅವತ್ತು ಟ್ರಾಲಿ ಹತ್ತಿರದಲ್ಲೇ ಇದ್ದುದರಿಂದ ಹಬೆ ಇಳಿಯುವ ಮೊದಲೇ ಸೊನ್ನೆ ಕೇಳಿದ್ದ. ಬ್ಯಾಚು ಹಾಕಿ ಬಾಗಿಲು ಮುಚ್ಚಿದ್ದ ಹೊತ್ತಿಗೆ, ಹಬೆ ಒಳಗೆ ಬಿಡುವ ಮೊದಲೇ, ಪ್ರೋಗ್ರಾಮ್ ಸತ್ತಿತ್ತು. ಆದ್ದರಿಂದಲೇ ಪರದೆಯ ಮೇಲೆ ಸೊನ್ನೆ. ಡಬ್ಬ ಬಂದದ್ದು ಹೊರಗಿದ್ದ ಅವನಿಗೆ ಗೊತ್ತೇ ಇರಲಿಲ್ಲ.

ಮೊಣಕೈಯಿಂದ ಬೆರಳಿನವರೆಗೆ ಎಡಗೈ ಬೆಂದಿತ್ತು. ಆಮೇಲೆ ಅಳೆದು ನೋಡಿದರು: ಬಳೆ ಇನ್ನೊಂದು ಗೇಣು ತಿರುಗಿದ್ದರೆ ಬಾಗಿಲು ಹಾರುತ್ತಿತ್ತು. ಅದರ ಎದುರು ಅವನಿದ್ದ, ಅವನ ಹಿಂದೆ ನಾನೂ ಇದ್ದೆ.

ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎಲ್ಲರೂ ಗೇಟಿನ ಬಳಿ ನೆರೆದಿದ್ದರು. ನಾನು ಕ್ಯಾಬಿನ್ನಿಗೆ ಹಿಂತಿರುಗಿದೆ. ಕುರ್ಚಿ ಎತ್ತಿ ನಿಲ್ಲಿಸಿದೆ. ಮಾನಿಟರಿನ ಅಂಚಿನಿಂದ ನನ್ನ ಹಾಳೆಯನ್ನು ಟೇಪಿನ ಸಮೇತ ಕಿತ್ತು, ಮಡಚಿ, ಜೇಬಿಗೆ ಹಾಕಿಕೊಂಡೆ. ನಂತರ ಓಕೆ ಒತ್ತಿದೆ. ಗಾಬರಿಯಲ್ಲಿ ಮಾಡಿದ್ದೆಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡೆ. ಗಾಬರಿಯಲ್ಲಿ ಯಾರೂ ಟೇಪನ್ನು ಅಷ್ಟು ನೀಟಾಗಿ ಬಿಡಿಸುವುದಿಲ್ಲ.

ನಾಲ್ಕನೆಯ ದಿನ ಯಜಮಾನರು ಕರೆಸಿದರು. ಅವರ ಕೋಣೆಯಲ್ಲಿ ಸೂಪರ್‌ವೈಸರ್, ಕೈಗೆ ಬ್ಯಾಂಡೇಜು ಸುತ್ತಿಕೊಂಡ ಆಪರೇಟರ್, ನಾನು. ಅವನು ಕೂತಿರಲಿಲ್ಲ. ಕೂರು ಎಂದು ಯಾರೂ ಹೇಳಿರಲಿಲ್ಲ. ಅವನ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುವುದಿತ್ತು. ಅದು ಅವನಿಗೂ ಗೊತ್ತಿತ್ತು.

“ನಲ್ಲಿ ತಿರುಗಿಸಿ ನೋಡದೆ ಬಾಗ್ಲು ಯಾಕೆ ತೆಗ್ದೆ?” ಯಜಮಾನರು ಕೇಳಿದರು.

“ನಳ ಕಟ್ಟೈತ್ರಿ ಯಜಮಾನ್ರ. ವರ್ಷ ಆತು. ಹೇಳಿದ್ನಲ್ರಿ.”

“ನನಗ್ ಹೇಳಿಲ್ಲ.”

“ಇವರಿಗೆ ಹೇಳೀನ್ರಿ.” ಸೂಪರ್‌ವೈಸರ್ ನೆಲ ನೋಡುತ್ತಿದ್ದ.

“ಮತ್ತೆ ಯಾರನ್ನ ಕೇಳಿ ತೆಗ್ದೆ?”

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಟಿಕೆಟು ಕಳೆದುಕೊಂಡವನು, ಕೊಳ್ಳುವಾಗ ಪಕ್ಕದಲ್ಲಿದ್ದವರನ್ನು ನೋಡುವ ಹಾಗೆ ನೋಡಿದ. “ಈ ಸರ ಸೊನ್ನಿ ತೋರಿಸಿದ್ರಿ. ಹೇಳ್ರಿ ಸರ. ನೀವು ತೋರಿಸಿದ್ರಲ್ಲ, ಹಿಂಗ?”

ಬ್ಯಾಂಡೇಜಿಲ್ಲದ ಕೈಯನ್ನು ಎತ್ತಿ ತೋರಿಸಿದ.

“ಏನ್ರೀ, ನೀವು ತೋರಿಸಿದ್ರಾ?”

“ನಾನು ಎರರ್ ಬರ್ಕೊಳ್ತಿದ್ದೆ ಸಾರ್,” ಎಂದೆ. “ಅವರ ಕಡೆ ನೋಡಿಲ್ಲ. ತಲೆ ಎತ್ತಿದಾಗ ಅವರು ಆಗ್ಲೇ ತಿರುಗಿಸ್ತಾ ಇದ್ರು. ಅದಕ್ಕೇ ಓಡಿದ್ದು.”

ಸೂಪರ್‌ವೈಸರ್ ನನ್ನನ್ನು ನೋಡಿ ಮತ್ತೆ ನೆಲ ನೋಡಿದ. ಹಾಳೆಯ ವಿಷಯ ಅವನಿಗೆ ಗೊತ್ತಿತ್ತು. ಅದು ಈಗ ಇಲ್ಲವೆಂದೂ ಗೊತ್ತಾಗಿರಬೇಕು. ಡಬ್ಬವನ್ನು ಮೂಲೆಗೆ ತಳ್ಳಿ, ಹೊರಗಿದ್ದ ಆಪರೇಟರಿಗೆ ಹೇಳದೆ ಬಿಟ್ಟವನು ತಾನೇ ಆದ್ದರಿಂದ, ಹಾಳೆ ಇಲ್ಲದಿರುವುದು ಅವನಿಗೂ ಬೇಕಾಗಿತ್ತು.

“ಸರ...” ಎಂದ ಆಪರೇಟರ್, ಅಷ್ಟೇ. ಎತ್ತಿದ ಕೈಯನ್ನು ಇಳಿಸಿದ.

ಅಂಗಡಿಗೆ ಬಂದು ನಮ್ಮ ಮಾಲೀಕನ ಮುಂದೆ ಸರ್ವಿಸ್ ರಿಪೋರ್ಟ್ ಬರೆಯಲು ಕೂತೆ. ಸಮಸ್ಯೆಯ ಕಾರಣ ಎಂಬಲ್ಲಿ ಮೂರು ಚೌಕ: ಹಾರ್ಡ್‌ವೇರ್, ಸಾಫ್ಟ್‌ವೇರ್, ಯೂಸರ್. ಮಾಲೀಕ ಟೀ ಲೋಟ ತಿರುಗಿಸುತ್ತಾ ಕೂತಿದ್ದ.

“ಸಾಫ್ಟ್‌ವೇರ್ ಅಂತ ಬರೆದ್ರೆ, ಮೂರು ತಿಂಗ್ಳಿಂದ ನೀವೇನ್ ಮಾಡ್ತಿದ್ರಿ ಅಂತಾರೆ. ಯೂಸರ್‌ಗೆ ಟಿಕ್ ಹಾಕು ಮಗಾ. ಪಾಪ, ಅವನಿಗೇನ್ ಓದಕ್ ಬರುತ್ತಾ?”

ಆಪರೇಟರ್ ಪಿ.ಯು.ಸಿ. ಓದಿದ್ದ. ಅದು ನನಗೆ ಗೊತ್ತಿತ್ತು. ಒಮ್ಮೆ ನನ್ನ ನೋಟ್‌ಬುಕ್ ತಿರುವಿ, ಅಕ್ಷರ ಚಂದ ಐತ್ರಿ ಎಂದಿದ್ದ. ನಾನು ಟಿಕ್ ಹಾಕಿದೆ.

ಅವನನ್ನು ಕೆಲಸದಿಂದ ತೆಗೆದರು. ನಿಯಮ ಮೀರಿ ಬಾಗಿಲು ತೆರೆದ ಎಂಬುದು ಕಾರಣ. ಅದಕ್ಕೆ ಆಧಾರವಾಗಿ ನನ್ನ ರಿಪೋರ್ಟಿನ ಜೆರಾಕ್ಸನ್ನು ಲಗತ್ತಿಸಿದ್ದರು.

ದೋಷ ಏನೆಂದು ಕಂಡುಹಿಡಿದದ್ದು ನಾನೇ. ಹದಿನೈದು ದಿನದ ನಂತರ ಪ್ರೋಗ್ರಾಮಿನ ದಾಖಲೆಗಳನ್ನು ತೆರೆದು ಕೂತೆ. ಒಂದು ದಿನ ಬಾಯ್ಲರಿನವನು ಬೆಳಗ್ಗೆ ಆರು ನಲವತ್ತಕ್ಕೆ ಕಂಪ್ಯೂಟರ್ ಹಾಕಿದ್ದ. ಮೂರು ನಲವತ್ತಾರಕ್ಕೆ ಸತ್ತಿತ್ತು. ಇನ್ನೊಂದು ದಿನ ಆರೂವರೆಗೆ ಹಾಕಿದ್ದ, ಮೂರು ಮೂವತ್ತಾರಕ್ಕೆ. ಯಾವ ದಿನ ನೋಡಿದರೂ ಒಂಬತ್ತು ಗಂಟೆ ಆರು ನಿಮಿಷ. ಪ್ರೋಗ್ರಾಮ್ ಪ್ರತಿ ಸೆಕೆಂಡಿಗೂ ಒಂದು ಎಣಿಸುತ್ತಿತ್ತು. ಆ ಎಣಿಕೆಗೆ ಬರೆದವನು ಕೊಟ್ಟಿದ್ದ ಜಾಗದಲ್ಲಿ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಓವರ್‌ಫ್ಲೋ ಎಂದರೆ ಅದೇ, ತುಂಬಿ ಚೆಲ್ಲಿತು. ಕಾಲೇಜಿನ ಮೊದಲ ವರ್ಷದಲ್ಲೇ ಓದಿದ್ದೆ.

ಮೊದಲು ದಿನಕ್ಕೆರಡು ಸಲ ಕರೆಂಟು ಹೋಗಿ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುತ್ತಿದ್ದುದರಿಂದ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಕರೆಂಟು ಹೋಗದ ದಿನ ಮಾತ್ರ ಪ್ರೋಗ್ರಾಮ್ ಸಾಯುತ್ತಿತ್ತು. ನಾವೆಲ್ಲ ಶಪಿಸುತ್ತಿದ್ದ ಕರೆಂಟೇ ಅದನ್ನು ಉಳಿಸುತ್ತಿತ್ತು. ಯು.ಪಿ.ಎಸ್. ಹಾಕಿಸಿ ನಾನೇ ಅದಕ್ಕೆ ದಿನಾ ಸಾಯುವ ವ್ಯವಸ್ಥೆ ಮಾಡಿದ್ದೆ. ಪ್ರೋಗ್ರಾಮ್ ಬರೆದವನಿಗೆ ಫೋನ್ ಮಾಡಿದೆ. ಅವನು ಒಂದೇ ಒಂದು ಪದ ಬದಲಿಸಿ ಹೊಸ ಪ್ರತಿ ಕಳಿಸಿದ. ನಾನು ಹೇಳಿದ ಯಾವುದನ್ನೂ ಕೇಳಿಸಿಕೊಳ್ಳದೆ, “ಸಾರಿ ಗುರು, ಸಣ್ಣ ಬಗ್ಗು,” ಎಂದ.

ಅದನ್ನು ಹಾಕಲು ಹೋದ ದಿನ ಹಂಡೆಯ ಬಳಿ ಹೊಸ ಆಪರೇಟರ್ ಇದ್ದ. ಮೀಟರಿಗೆ ಹೊಸ ಗಾಜು ಬಂದಿತ್ತು. ಆ ಪುಟ್ಟ ನಲ್ಲಿಯನ್ನೂ ಬಿಚ್ಚಿ ತೊಳೆದಿದ್ದರು. ಒಂದು ತಂತಿ, ಒಂದು ಲೋಟ ಸೀಮೆಎಣ್ಣೆ, ಕಾಲು ಗಂಟೆಯ ಕೆಲಸವಂತೆ. ಆದರೂ ಹೊಸಬ ಗಾಜಿನ ಕಡೆ ತಿರುಗಿ ಬೆರಳು ಗುಂಡಗೆ ಮಾಡಿದ. ರೂಢಿ ಅವನಿಗೂ ಬಂದುಬಿಟ್ಟಿತ್ತು. ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಹಿಂದೆ ನಿಂತಿದ್ದ ಸೂಪರ್‌ವೈಸರ್ ನನ್ನ ತಲೆಯ ಮೇಲಿಂದ ಕೈ ಎತ್ತಿ ತೋರಿಸಿದ.

ಹೊರಡುವಾಗ ಕೇಳಿದೆ, “ಆ ರಾಯಚೂರಿನವರು ಈಗೆಲ್ಲಿ?”

“ಮಾಕಳಿ ತಾವ ಯಾವ್ದೋ ಗೋಡೌನಲ್ಲಿ ಲೋಡಿಂಗ್ ಮಾಡ್ತಾವ್ನಂತೆ. ಕೈ ಇನ್ನೂ ಪೂರ್ತಿ ಮಡಚಕ್ಕಾಗಲ್ವಂತೆ.” ಗೇಟಿನ ಕಡೆ ಕೈ ತೋರಿಸಿ ಹೇಳಿದ, “ನೀನ್ ಯಾಕ್ ಕೇಳ್ತೀಯ ಬಿಡು. ಅವತ್ ನೀನ್ ಬಾಯ್ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ. ಓಗು, ನಿನ್ ಕೆಲ್ಸ ಆಯ್ತಲ್ಲ.”

ಒಂದು ಭಾನುವಾರ ನಾಲ್ಕು ರಸ್ತೆ ಆಚೆಯ ಆ ಕೋಣೆಗೆ ಹೋದೆ. ಜೇಬಿನಲ್ಲಿ ಮಡಚಿದ ಹಾಳೆ ಇತ್ತು. ಅದನ್ನು ಅವನ ಕೈಗೆ ಕೊಟ್ಟು, ಯಜಮಾನರ ಹತ್ತಿರ ಹೋಗೋಣ ನಡಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಬಟ್ಟೆ ಹಿಂಡುತ್ತಾ ಹೇಳಿದಳು: “ಖಾಲಿ ಮಾಡ್ಕೊಂಡ್ ಹೋದ್ರಲ್ಲ ಸಾರ್, ಮಾಕಳಿಗೆ. ನೀವ್ ಯಾರು? ಏನಾದ್ರೂ ಹೇಳ್ಬೇಕಿತ್ತಾ?”

“ಏನಿಲ್ಲಕ್ಕ,” ಎಂದೆ.

ಹಾಳೆ ಈಗಲೂ ನನ್ನ ಹತ್ತಿರ ಇದೆ. ಟೇಪು ಹಳದಿಯಾಗಿದೆ, ಅಂಟು ಹೋಗಿದೆ, ಅಕ್ಷರ ಮಾತ್ರ ಅಚ್ಚುಕಟ್ಟಾಗಿ ಹಾಗೇ ಇದೆ. ದಾಸರಹಳ್ಳಿಯಿಂದ ಮಾಕಳಿಗೆ ಒಂದೇ ಬಸ್ಸು, ಬದಲಿಸಬೇಕಾಗಿಲ್ಲ. ಆ ಬಸ್ಸಿನಲ್ಲಿ ಕೂತು ನಾನು ನೆಲಮಂಗಲಕ್ಕೆ ಎಷ್ಟೋ ಸಲ ಕೆಲಸದ ಮೇಲೆ ಹೋಗಿದ್ದೇನೆ. ಮಾಕಳಿ ಬಂದಾಗ ಕಂಡಕ್ಟರ್ ಕೂಗುತ್ತಾನೆ. ನಾನು ಇಳಿದಿಲ್ಲ.